ಅರುಂಧತಿಯ ಬೆನ್ನು ಬಿದ್ದ ಚಳಿಗಾಲ

ತುಳಸಿ ಹಬ್ಬ ಮುಗಿದ ವಾರ

ಈ ಚಳಿಗಾಲದಲ್ಲಿ ನಮ್ಮ ಬಳಗದಲ್ಲಿ 3 ಮದುವೆ. ಮೂರಕ್ಕೂ ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರ್ ಇದ್ದಾರೆ. ನಾನು ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವನು, ಅವರ ಕಾಲಿಗೆ ಅಡ್ಡ ಸಿಗಬಾರದು. ಅದಕ್ಕೇ ಅವರ್‍ಯಾರೂ ತೆಗೆಯದ ಒಂದೇ ಒಂದು ಫೋಟೋ ಸಾಕು ಅಂತ ತೀರ್ಮಾನಿಸಿದೆ. ಗಂಡು ಹೆಣ್ಣು ನಿಜವಾದ ಅರುಂಧತಿ ನಕ್ಷತ್ರ ನೋಡುತ್ತಿರಬೇಕು, ನಕ್ಷತ್ರವೂ ಫೋಟೋದಲ್ಲಿ ಇರಬೇಕು.

ಮಾಮೂಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಭಟ್ಟರು ಇಬ್ಬರನ್ನೂ ಹೊರಗೆ ಕರೆತಂದು "ಅಗೋ ಅರುಂಧತಿ" ಅನ್ನುತ್ತಾರೆ. ಅಲ್ಲಿ ಛತ್ರದ ನೀರಿನ ಟ್ಯಾಂಕಿ ಇರುತ್ತದೆ. ಮದುಮಗ "ಹೂಂ, ಕಂಡಿತು" ಅನ್ನುತ್ತಾನೆ. ಎಲ್ಲರೂ ಊಟಕ್ಕೆ ಏಳುತ್ತಾರೆ.

ಸಪ್ತರ್ಷಿ ಮಂಡಲದ ಬಾಲದಲ್ಲಿ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಇರುವ ಮಂಕು ಚುಕ್ಕಿ ಅರುಂಧತಿ. ಏಪ್ರಿಲ್-ಮೇ ಮದುವೆಗಳಲ್ಲಿ ಸಂಜೆಯೇ ಮೇಲೆ ಬಂದಿರುತ್ತದೆ, ನಿಜ. ಆದರೆ ಆಗ ನಮ್ಮ ಕಡೆ ಸಂಜೆಯಾದರೆ ಗುಡುಗಿನ ಮೋಡ, ಬೆವರು, ಕರಗಿದ ಮೇಕಪ್ಪು. ಮಳೆ ತೊಳೆದ ಆಕಾಶ ಬೇಕಿದ್ದರೆ ಚಳಿಗಾಲವೇ ಸರಿ. ತೊಡಕು ಒಂದೇ: ನವೆಂಬರ್ ಕೊನೆಯಲ್ಲಿ ಇದು ಹುಟ್ಟುವುದೇ ರಾತ್ರಿ 2 ಗಂಟೆಯ ಸುಮಾರಿಗೆ. ಅಂದರೆ ಬೆಳಗಿನ ಜಾವ ಮಾತ್ರ ಗತಿ.

ಮೊದಲ ಮದುವೆ, ಸಾಗರದ ಕಡೆ

ದೊಡ್ಡಪ್ಪನ ಮಗಳದ್ದು. ಮನೆ ಅಂಗಳದಲ್ಲೇ ಚಪ್ಪರ. ಅಡಿಕೆ ಕೊಯ್ಲಿನ ಕಾಲ, ಹರವಿದ್ದ ಅಡಿಕೆಯನ್ನೆಲ್ಲ ಎರಡು ದಿನ ಮೊದಲು ಎತ್ತಿಟ್ಟು ಜಾಗ ಮಾಡಿದ್ದರು.

ಮುಹೂರ್ತದ ದಿನ ಬೆಳಿಗ್ಗೆ ಐದಕ್ಕೆ ತಂಗಿಯನ್ನು ಎಬ್ಬಿಸಲು ಹೋದರೆ ದೊಡ್ಡಮ್ಮ ಬೈದರು. "ಮದುವೆಗೆ ಮೊದಲೇ ಅರುಂಧತಿ ತೋರಿಸ್ತೀಯೇನೋ?" ಸರಿ, ನನಗೆ ಅಷ್ಟೂ ಹೊಳೆದಿರಲಿಲ್ಲ. ಮಾರನೇ ದಿನಕ್ಕೆ ಮುಂದೂಡಿದೆ.

ಮಾರನೇ ದಿನ 5:15. ನಕ್ಷತ್ರ ಈಶಾನ್ಯದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿ ಇರಬೇಕಿತ್ತು. ಇತ್ತೋ ಏನೋ. ಎದುರಿನ ತೋಟವೇ ಕಾಣದಷ್ಟು ಮಂಜು ಕವಿದಿತ್ತು. ಬಾವ ಶಾಲು ಹೊದ್ದು ಹತ್ತು ನಿಮಿಷ ನಿಂತು, "ಕಾಫಿ ಆದ ಮೇಲೆ ನೋಡೋಣ ಮಾರಾಯ" ಅಂತ ಒಳಗೆ ಹೋದರು.

ಮದುವೆ ದಿನದ್ದೊಂದು ಎಡವಟ್ಟು ಇಲ್ಲಿ ಬರೆದಿಡಬೇಕು. ಬೆಳಿಗ್ಗೆ ಒಂದು ತಾಸು ಹೊರಗೆ ಚಳಿಯಲ್ಲಿದ್ದ ಕ್ಯಾಮೆರಾ ಹಿಡಿದು ಸೀದಾ ಅಡಿಗೆ ಕೊಟ್ಟಿಗೆಗೆ ನುಗ್ಗಿದೆ. ಅಲ್ಲಿ ಇಡ್ಲಿ ಹಬೆ, ಅನ್ನದ ಹಬೆ. ತಣ್ಣಗಿದ್ದ ಗಾಜಿನ ಮೇಲೆ ಕ್ಷಣದಲ್ಲಿ ನೀರು ಕೂತಿತು. ಒರೆಸಿದರೆ ಮತ್ತೆ ಕೂರುತ್ತದೆ. ಅದು ಆರುವಷ್ಟರಲ್ಲಿ ಅಂತರಪಟ ಸರಿದು ಜೀರಿಗೆ ಬೆಲ್ಲ ಬಿದ್ದಾಗಿತ್ತು. ಪರಿಹಾರ ಸುಲಭ: ಒಳಗೆ ಹೋಗುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಒಳಗಿನ ಬಿಸಿಗೆ ಹೊಂದುವವರೆಗೆ ಬಿಡುವುದು. ನೀರು ಚೀಲದ ಹೊರಗೆ ಕೂರುತ್ತದೆ. ಗೊತ್ತಿತ್ತು, ಮರೆತಿದ್ದೆ.

ಲಾಜಾಹೋಮ ಮಾತ್ರ ಕೈ ಹಿಡಿಯಿತು. ನಮ್ಮೂರಿನ ಅಕ್ಷಾಂಶಕ್ಕೆ ನವೆಂಬರ್ ಕೊನೆಯಲ್ಲಿ ನಡು ಮಧ್ಯಾಹ್ನವೂ ಸೂರ್ಯ 55 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ಏಪ್ರಿಲ್ ಕೊನೆಯಲ್ಲಾದರೆ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತಾನೆ, ಚಪ್ಪರದಡಿ ಮುಖಕ್ಕಿಂತ ತಲೆಗೂದಲಿಗೇ ಬೆಳಕು ಜಾಸ್ತಿ. ಈಗ ಒಂಬತ್ತರ ಬಿಸಿಲು ಚಪ್ಪರದ ಅಂಚಿನ ಕೆಳಗಿಂದ ಓರೆಯಾಗಿ ಬಂತು. ಹೋಮದ ಹೊಗೆಗೆ ಹಿಂದಿನಿಂದ ಬಿದ್ದು ಒಂದೊಂದು ಎಳೆಯೂ ಕಂಡಿತು. ಜರಿ ಉರಿದು ಬಿಳಿಯಾಗಲಿಲ್ಲ. ಚಳಿಗೆ ಮಲ್ಲಿಗೆ ಬೆಲೆ ಏರಿತ್ತು ಅಂತ ತಂಗಿ ಜಡೆಗೆ ಸೇವಂತಿಗೆ ಮುಡಿದಿದ್ದಳು. ಆ ಬೆಳಕಿಗೆ ಹಳದಿಯೇ ಚೆಂದ ಅನ್ನಿಸಿತು.

ಎರಡನೇ ಮದುವೆ

ಡಿಸೆಂಬರ್ ಮೊದಲ ವಾರ, ಬೆಂಗಳೂರಿನ ಛತ್ರ. ಆಕಾಶವೇ ಇಲ್ಲ. ಎಲ್‌ಇಡಿ ದೀಪಗಳಿಂದ ಪಟ್ಟೆ ಬಿದ್ದ 200 ಫೋಟೋ. ದೀಪದ ಮಿನುಗಿಗೆ ಹೊಂದುವಂತೆ ಶಟರ್ ವೇಗ ಸೆಕೆಂಡಿನ 1/100ಕ್ಕೆ ಇಳಿಸಿದ ಮೇಲೆ ಸರಿಯಾಯಿತು. ಇನ್ನೇನೂ ಬರೆಯಲು ಇಲ್ಲ.

ಧನುರ್ಮಾಸ

ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲ. ರಜೆಗೆ ಊರಿಗೆ ಹೋದಾಗ ಅಕ್ಕನ ಇಬ್ಬರು ಮಕ್ಕಳನ್ನು ಜಾವದಲ್ಲಿ ಕೆರೆ ಏರಿಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿದೆ. (ಲಂಚ: ದಿನಕ್ಕೊಂದು ಚಾಕಲೇಟು.) ಮನೆ ಸುತ್ತ ಅಡಿಕೆ ಮರ, ಈಶಾನ್ಯ ಬಯಲಾಗಿ ಕಾಣುವುದು ಕೆರೆ ಏರಿಯಲ್ಲಿ ಮಾತ್ರ.

ಕಲಿತದ್ದು ಇಷ್ಟು. ಕ್ಯಾಮೆರಾ ಜೊತೆಗೇ ಬಂದ ಕಿಟ್ ಲೆನ್ಸಿನ ಅಗಲ ನೋಟದಲ್ಲಿ, ಅಂದರೆ 18 ಎಂಎಂನಲ್ಲಿ, ವಸಿಷ್ಠ-ಅರುಂಧತಿ ಹೆಚ್ಚುಕಮ್ಮಿ ಒಂದೇ ಚುಕ್ಕಿ. 50 ಎಂಎಂನಲ್ಲಿ, ನನ್ನ 24 ಮೆಗಾಪಿಕ್ಸೆಲ್ ಕ್ರಾಪ್ (ಚಿಕ್ಕ ಅಳತೆಯ) ಸೆನ್ಸರಿಗೆ, ಎರಡರ ನಡುವೆ ಸುಮಾರು 45 ಪಿಕ್ಸೆಲ್ ಸಿಗುತ್ತದೆ. ಅಷ್ಟು ಧಾರಾಳ ಸಾಕು. ಶಟರ್ 6 ಸೆಕೆಂಡು ಮೀರಿ ತೆರೆದಿದ್ದರೆ ಚುಕ್ಕಿ ಗೆರೆಯಾಗುತ್ತದೆ, 4 ಸೆಕೆಂಡು ಒಳ್ಳೆಯದು. ಆ 4 ಸೆಕೆಂಡು ಮನುಷ್ಯರು ಅಲ್ಲಾಡಬಾರದು. ಎಂಟು ವರ್ಷದ ಹುಡುಗನ ಕೈಲಿ ಆಗುವ ಕೆಲಸ ಅಲ್ಲ.

ಮೂರನೇ ಮದುವೆ, ಮಾಘ

ಫೆಬ್ರವರಿ ಮಧ್ಯ, ಶುಕ್ಲ ಪಂಚಮಿ, ಮತ್ತೆ ಊರಲ್ಲೇ. ಈಗ ಅರುಂಧತಿ ರಾತ್ರಿ 9ಕ್ಕೇ ಹುಟ್ಟುತ್ತಾಳೆ. ಪಂಚಮಿ ಚಂದ್ರ 11ರ ಹೊತ್ತಿಗೆ ಮುಳುಗುವ ಹಂತಕ್ಕೆ ಬಂದಿರುತ್ತಾನೆ. ಮಂಜು ಜಾವಕ್ಕೆ ಬೀಳುವುದು, ಈಗಲ್ಲ. ಇದಕ್ಕಿಂತ ಒಳ್ಳೆಯ ಮುಹೂರ್ತ ನನಗಂತೂ ಸಿಗುವುದಿಲ್ಲ.

ರಾತ್ರಿ 11:10ಕ್ಕೆ ಹೊಸ ಜೋಡಿ, ಹಿಂದೆ ಅರ್ಧ ಬಳಗ, ಎಲ್ಲರೂ ಕೆರೆ ಏರಿಗೆ. ಕ್ಯಾಮೆರಾ ನೆಲಕ್ಕೆ ಹತ್ತಿರ, ಉದ್ದುದ್ದ ಫ್ರೇಮು, ಜೋಡಿ 8 ಮೀಟರ್ ದೂರ, ನಕ್ಷತ್ರ ಅವರ ತಲೆಗಿಂತ ಮೇಲೆ. ಬೆಳಕಿನ ಸೂಕ್ಷ್ಮತೆ ಐಎಸ್‌ಒ 1600, ಲೆನ್ಸಿನ ಬಾಯಿ ಎಫ್ 2.2. ಫೋಕಸ್ ನಕ್ಷತ್ರಕ್ಕೆ, ಮುಖ ಸ್ವಲ್ಪ ಮೆತ್ತಗಾದರೂ ಪರವಾಗಿಲ್ಲ. ಮೊಬೈಲ್ ಟಾರ್ಚನ್ನು ನೇರ ಮುಖಕ್ಕೆ ಬಿಡದೆ ಮಾವನ ಬಿಳಿ ಪಂಚೆಗೆ ಹೊಡೆದು, ಅದರಿಂದ ಚೆಲ್ಲಿದ ಬೆಳಕು ಒಂದು ಸೆಕೆಂಡು.

12 ಸಲ ತೆಗೆದೆ. ಆರರಲ್ಲಿ ಮದುಮಗಳು ನಕ್ಕು ಅಲುಗಿದಳು. ಎರಡರಲ್ಲಿ ಯಾರದೋ ಮೊಬೈಲ್ ಫ್ಲ್ಯಾಶ್. ಮೂರರಲ್ಲಿ ಲೆನ್ಸಿನ ಮೇಲೆ ಇಬ್ಬನಿ. ಉಳಿದದ್ದು ಒಂದು.

ಅದನ್ನು ದೊಡ್ಡದು ಮಾಡಿ ನೋಡಿದೆ. ವಸಿಷ್ಠ ಇದ್ದಾನೆ, ಪಕ್ಕದಲ್ಲಿ ಬಿಡಿಯಾಗಿ ಅರುಂಧತಿ ಇದ್ದಾಳೆ. ಹೊಸ ಬಾವ ಬೆರಳು ತೋರಿಸುತ್ತಿರುವುದು ಮಾತ್ರ ಮಂಡಲದ ಇನ್ನೊಂದು ತುದಿಗೆ.