ಕತ್ತಲಲ್ಲಿ ಇಳಿಯುವ ಮೀನು

ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ನುಗ್ಗುವ ಹತ್ತುಮೀನನ್ನು ಮಲೆನಾಡಿನಲ್ಲಿ ನೋಡುತ್ತ ಬೆಳೆದ ನನಗೆ, ಮಳೆ ಬಂದಾಗ ಕೆಳಕ್ಕೆ ಇಳಿಯುವ ಮೀನಿನ ಮೇಲೆ ವಿಶೇಷ ಕುತೂಹಲ. ಯುರೋಪಿನ ಹಾವುಮೀನು ಅಂಥದು. ಐರ್ಲೆಂಡಿನ ಶಾನನ್ ನದಿಯಲ್ಲಿ ವರ್ಷಗಟ್ಟಲೆ ಬೆಳೆದ ಮೇಲೆ ಅದರ ಹೊಟ್ಟೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಿಗ್ಗುತ್ತದೆ, ಆಹಾರ ಬಿಟ್ಟು ಕರುಳು ಕುಗ್ಗುತ್ತದೆ. ಮುಂದಿನ ದಾರಿ ಮೊಟ್ಟೆಯಿಡಲು ಅಟ್ಲಾಂಟಿಕ್ ದಾಟಿ ಸರ್ಗಾಸೊ ಸಮುದ್ರಕ್ಕೆ.

ಮೈ ಸಿದ್ಧವಾದ ಮಾತ್ರಕ್ಕೆ ಅದು ಹೊರಡುವುದಿಲ್ಲ. ಶರತ್ಕಾಲದಲ್ಲಿ ನೀರು ತಣ್ಣಗಾಗುತ್ತ ಬಂದು, ಮಳೆಗೆ ನದಿ ಏರಿ ಕದಡುವವರೆಗೆ ಕಾಯುತ್ತದೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಅದಕ್ಕೆ ಹೆಚ್ಚು ಪ್ರಿಯ. ಆದರೆ ದಟ್ಟ ಮೋಡವಿದ್ದು ನೀರು ಕದಡಿದ್ದರೆ ಬೆಳದಿಂಗಳ ಪಕ್ಷದಲ್ಲೂ ಇಳಿಯುವುದರಿಂದ, ಅದು ನೋಡುವುದು ಚಂದ್ರನನ್ನಲ್ಲ, ಕತ್ತಲೆಯನ್ನು ಎಂದೇ ನನ್ನ ಎಣಿಕೆ. ಬೇಟೆಯ ಪ್ರಾಣಿಗಳ ಕಣ್ಣಿಗೆ ಬೀಳದಿರಲು ಕತ್ತಲೆ, ಉಪವಾಸದ ಮೈಯ ಶಕ್ತಿ ಉಳಿಸಲು ಪ್ರವಾಹ.

ಈ ಪ್ರವಾಹವೇ ಅದನ್ನು ಅಪಾಯಕ್ಕೆ ಒಯ್ಯುತ್ತದೆ. 1929ರಲ್ಲಿ ಆರಂಭವಾದ ಅರ್ಡ್‌ನಕ್ರುಶಾ ಜಲವಿದ್ಯುತ್ ಕೇಂದ್ರಕ್ಕಾಗಿ ಶಾನನ್ನಿನ ನೀರನ್ನು ಪಾರ್ಟೀನ್ ಒಡ್ಡಿನ ಬಳಿ ಸುಮಾರು 12 ಕಿ.ಮೀ. ಉದ್ದದ ಕಾಲುವೆಗೆ ತಿರುಗಿಸಲಾಗಿದೆ. ಹಳೆಯ ನದೀಪಾತ್ರಕ್ಕೆ ಬಿಡಲೇಬೇಕಾದದ್ದು ಸೆಕೆಂಡಿಗೆ 10 ಘನ ಮೀಟರ್ ಮಾತ್ರ. ಹೆಚ್ಚು ನೀರು ಎತ್ತ ಹರಿಯುತ್ತದೋ ಅತ್ತ ಸಾಗುವ ಹಾವುಮೀನು ಕಾಲುವೆ ಹಿಡಿದು ಟರ್ಬೈನಿಗೆ ಹೋಗುತ್ತದೆ. ಮೈ ಉದ್ದವಿರುವುದರಿಂದ ಟರ್ಬೈನಿನ ರೆಕ್ಕೆಗಳ ಏಟು ಬೀಳುವ ಸಂಭವವೂ ಅದಕ್ಕೆ ಹೆಚ್ಚು. ಭಾರಿ ಮಳೆಗೆ ಒಡ್ಡಿನಿಂದ ಹೆಚ್ಚುವರಿ ನೀರು ಬಿಟ್ಟಾಗ ಮಾತ್ರ ಹಳೆಯ ಪಾತ್ರದ ದಾರಿ ತೆರೆದುಕೊಳ್ಳುತ್ತದೆ.

ಐರ್ಲೆಂಡ್ 2009ರಲ್ಲಿ ಹಾವುಮೀನಿನ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಿ, ಒಡ್ಡಿಗಿಂತ ಮೇಲೆ ಶಾನನ್ ದಡದಲ್ಲಿರುವ ಕಿಲ್ಲಲೋ ಮುಂತಾದೆಡೆ ಬಲೆಗೆ ಬಿದ್ದವನ್ನು ವಾಹನದಲ್ಲಿ ಅಣೆಕಟ್ಟಿನ ಕೆಳಗೆ ಸಾಗಿಸಿ ಬಿಡುವ ಕ್ರಮವನ್ನು ಅನುಸರಿಸುತ್ತಿದೆ. ಒಳ್ಳೆಯ ಕೆಲಸವೇ, ಆದರೆ ಬಲೆ ತಪ್ಪಿಸಿಕೊಂಡ ಮೀನಿಗೆ ಅದರಿಂದ ಏನೂ ಉಪಯೋಗವಿಲ್ಲ. ಅಮೆರಿಕದ ಶೆನಂಡೋವಾ ನದಿಯಲ್ಲಿ ಸೆಪ್ಟೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ರಾತ್ರಿ ಟರ್ಬೈನು ನಿಲ್ಲಿಸುವ ಕ್ರಮವನ್ನು ಪ್ರಯೋಗಿಸಿದ್ದಾರೆ. ಅಲ್ಲಿನ ಹಾವುಮೀನುಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಅಳವಡಿಸಿ ನೋಡಿದಾಗ, ನದಿ ಏರಿದಾಗಲೆಲ್ಲ, ಚಳಿಗಾಲ ಮತ್ತು ವಸಂತದಲ್ಲೂ, ಅವು ಇಳಿಯುವುದು ಕಂಡಿತು. ಆದ್ದರಿಂದ ಟರ್ಬೈನು ನಿಲ್ಲಿಸುವ ರಾತ್ರಿಯನ್ನು ತಿಂಗಳ ಲೆಕ್ಕದ ಜೊತೆಗೆ ಮಳೆ ಮತ್ತು ನೀರಿನ ಮಟ್ಟವನ್ನೂ ನೋಡಿ ಗೊತ್ತುಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಎರಡು ಅಂಕಿಗಳೂ ವಿದ್ಯುತ್ ಕೇಂದ್ರದವರ ಕೈಯಲ್ಲಿ ದಿನವೂ ಇರುತ್ತವೆ.