16 ಅಲ್ಲ, 16ಎ

"ತಂಗೀ, ಇದು ಪಗಾರ ಅಲ್ಲ."

ಮಂಗಳವಾರ ಸಂಜೆ ಬೆಳಗಾವಿ ಟಿಳಕವಾಡಿಯ ತೆರಿಗೆ ಸಲಹೆಗಾರರು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಇನ್‌ಕಮ್ ಟ್ಯಾಕ್ಸ್‌ನವರ ಮೇಲ್ ಬಂದಿತ್ತು. ನಾನು ತುಂಬಿದ ರಿಟರ್ನ್‌ನಲ್ಲಿ ದೋಷ ಇದೆ, 15 ದಿನದಲ್ಲಿ ಉತ್ತರ ಕೊಡಿ ಅಂತ. ಓದಿ ಕೈಕಾಲು ತಣ್ಣಗಾದವು. ಯಾರಿಗೂ ಒಂದು ರೂಪಾಯಿ ಮೋಸ ಮಾಡಿದವಳಲ್ಲ ನಾನು.

ಉದ್ಯಮಬಾಗದ ಒಂದು ಫೌಂಡ್ರಿಗೆ ಡ್ರಾಯಿಂಗ್ ಮಾಡಿಕೊಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಸೇರಿದೆ. ಬೆಳಿಗ್ಗೆ 9ಕ್ಕೆ ಹೋದರೆ ಸಂಜೆ 6. ತಿಂಗಳಿಗೆ 30,000, ಅದರಲ್ಲಿ 10% ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು 27,000 ಖಾತೆಗೆ ಬರುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಪಗಾರ ಅಂತಲೇ ಕರೆಯುತ್ತೇವೆ. ಅಪ್ಪ ಓಣಿಯವರಿಗೆಲ್ಲ "ಮಗಳಿಗೆ ನೌಕರಿ ಆತು" ಎಂದು ಪೇಡೆ ಹಂಚಿದ್ದರು.

ಹಾಗಾಗಿ ರಿಟರ್ನ್ ಕೂಡ ಪಗಾರದವರು ತುಂಬುವ ಸಹಜ್ ಫಾರ್ಮ್‌ನಲ್ಲೇ ತುಂಬಿದೆ.

"ಇದು ಪಗಾರ ಅಲ್ಲ" ಎಂದವರು ನನ್ನದೇ ಕಾಗದವನ್ನು ನನ್ನ ಕಡೆ ತಿರುಗಿಸಿದರು. "ನಿನಗ ಪಗಾರದವರಿಗೆ ಕೊಡೋ ಫಾರ್ಮ್ 16 ಕೊಟ್ಟಿಲ್ಲ. 16ಎ ಕೊಟ್ಟಾರ. ನೋಡು, 194ಜೆ ಅಂತ ಐತಿ, ವೃತ್ತಿ ಮಾಡೋರ ಫೀಗೆ ಟಿಡಿಎಸ್ ಹಿಡಿಯೋ ಕಲಂ ಅದು. ನೀನು ಅವರ ನೌಕರಿಯಾಕಿ ಅಲ್ಲ, ಸ್ವಂತ ವೃತ್ತಿ ಮಾಡಾಕಿ."

ಆ ಒಂದು 'ಎ' ಅಕ್ಷರ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಪ್ರತಿ ತಿಂಗಳು ಲೆಕ್ಕದ ವಿಭಾಗದಲ್ಲಿ ಒಂದು ಹಾಳೆಗೆ ಸಹಿ ಮಾಡಿಸಿಕೊಳ್ಳುತ್ತಿದ್ದರು. ಅದು ನಾನು ಕಂಪನಿಗೆ ಕೊಡುವ ಬಿಲ್ ಅಂತೆ! ಅಲ್ಲಿಯ ಲೆಕ್ಕದವರು ಒಳ್ಳೆಯವರೇ. ಆದರೂ ಒಂದು ಮಾತು ಹೇಳಬೇಕಿತ್ತು, ಅಲ್ವಾ?

ಸಲಹೆಗಾರರು ಬೈಯಲಿಲ್ಲ. ಚಹಾ ತರಿಸಿದರು. ಇಂಜಿನಿಯರಿಂಗ್ ಕೆಲಸ ಆದ್ದರಿಂದ ನನಗೆ ಸುಗಮ್ ಫಾರ್ಮ್, ಅಂದರೆ ಐಟಿಆರ್-4 ಆಗುತ್ತದೆ ಎಂದರು. 44ಎಡಿಎ ಕಲಂ ಪ್ರಕಾರ, ಬಂದ ಹಣದ ಅರ್ಧವನ್ನಾದರೂ ಆದಾಯ ಅಂತ ತೋರಿಸಬೇಕು. ಉಳಿದದ್ದು ಖರ್ಚು ಎಂದು ಕಾನೂನೇ ಒಪ್ಪಿಕೊಳ್ಳುತ್ತದೆ. ದೊಡ್ಡ ಲೆಕ್ಕದ ಪುಸ್ತಕ ಬೇಡ.

"ಕಾಕಾ, ನನಗ ಅರ್ಧ ಖರ್ಚಾಗಿಲ್ಲ" ಎಂದೆ. ಲ್ಯಾಪ್‌ಟಾಪ್ ನನ್ನದೇ, ಇಂಟರ್‌ನೆಟ್, ಗಾಡಿ ಪೆಟ್ರೋಲ್ ಸೇರಿ ಒಂದು ಲಕ್ಷ ಆಗಿರಬಹುದು.

"ಹಂಗಾದ್ರ ಇದ್ದದ್ದನ್ನ ಬರಿ."

3,60,000ದಲ್ಲಿ 2,60,000 ಆದಾಯ ಎಂದು ಬರೆದೆವು. ತೆರಿಗೆಯ ಹೊಸ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದವರೆಗೆ ತೆರಿಗೆ ಇರಲಿಲ್ಲ. ಹಿಡಿದಿದ್ದ 36,000 ಪೂರ್ತಿ ವಾಪಸ್ ಕೇಳಿದ್ದೇವೆ. ಮುಂದೆ ಗಳಿಕೆ ಬೆಳೆದು, ಟಿಡಿಎಸ್ ಕಳೆದೂ 10,000 ಅಥವಾ ಜಾಸ್ತಿ ತೆರಿಗೆ ಉಳಿದರೆ ಮಾರ್ಚ್ 15ರೊಳಗೆ ಮುಂಗಡವಾಗಿ ಕಟ್ಟಬೇಕು ಎಂದೂ ಹೇಳಿಕೊಟ್ಟರು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮೂರನೇ ಗೇಟ್ ಹತ್ತಿರ ಗಾಡಿ ನಿಲ್ಲಿಸಿ ಸುಮ್ನೆ ನಿಂತುಬಿಟ್ಟೆ. ಜ್ವರ ಬಂದು ನಾಲ್ಕು ದಿನ ಹೋಗದಿದ್ದಾಗ ಹಣ ಕಡಿತ ಮಾಡಿ, ಮುಂದಿನ ತಿಂಗಳು ರವಿವಾರ ಕೆಲಸ ಮಾಡಿಸಿ ಸರಿದೂಗಿಸಿದ್ದು ನೆನಪಾಯಿತು. ದೀಪಾವಳಿಗೆ ಎಲ್ಲರಿಗೂ ಬೋನಸ್ ಬಂದಾಗ ನನ್ನ ಹೆಸರು ಬಿಟ್ಟುಹೋಗಿದೆ ಅಂದುಕೊಂಡಿದ್ದೆ. ಬಿಟ್ಟುಹೋಗಿರಲಿಲ್ಲ. ನಾನು ಆ ಪಟ್ಟಿಯಲ್ಲೇ ಇರಲಿಲ್ಲ. ಪಿಎಫ್ ಇಲ್ಲ, ರಜೆ ಇಲ್ಲ. 9ರಿಂದ 6ರವರೆಗೆ ಕೂರಿಸಿಕೊಳ್ಳುವಾಗ ನಾನು ಕಂಪನಿಯ ಹುಡುಗಿ. ಕೊಡುವ ಹೊತ್ತಿಗೆ ಹೊರಗಿನವಳು. ಇದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಅಪ್ಪನಿಗೆ ರಾತ್ರಿ ಹೇಳಿದೆ. ಕಾರ್ಖಾನೆಯಲ್ಲಿ 31 ವರ್ಷ ದುಡಿದವರು, ಪಿಎಫ್ ಹಣದಲ್ಲೇ ಈ ಮನೆ ಕಟ್ಟಿಸಿದವರು. ರೊಟ್ಟಿ ಮುರಿಯುವುದನ್ನು ಬಿಟ್ಟು ಬಹಳ ಹೊತ್ತು ಕೂತರು.

"ಹಂಗಾದ್ರ ಬಿಲ್ ನಿಂದು" ಎಂದರು. "ರೇಟೂ ನೀನೇ ಹೇಳವಾ."

ಈ ತಿಂಗಳ ಬಿಲ್ ಅನ್ನು ನಾನೇ ಟೈಪ್ ಮಾಡಿದ್ದೇನೆ. 38,000. ಸೋಮವಾರ ಸಾಹೇಬರ ಕೈಗೇ ಕೊಟ್ಟು ಮಾತಾಡುತ್ತೇನೆ.