ಸಾವಯವ ವೈನ್‌ಗೆ ಔಷಧಿ ಹೊಡೆಯುವುದೇ ಇಲ್ಲವಾ?

ಇಟಲಿಯಲ್ಲಿ ದ್ರಾಕ್ಷಿ ಕೊಯ್ಲಿಗೆ ಹೋಗುತ್ತೇನೆ ಅಂತ ಗೊತ್ತಾದ ಕೂಡಲೇ ಊರಿನವರು ಕೇಳುತ್ತಾರೆ: "ಸಾವಯವ ಅಂದ್ರೆ ಔಷಧಿ ಹೊಡೆಯೋದೇ ಇಲ್ಲ, ಅಲ್ವಾ?"

ಹೊಡೆಯುತ್ತಾರೆ. ಅದೂ ನಮ್ಮ ಅಡಿಕೆ ತೋಟದ ಔಷಧಿಯನ್ನೇ. ಮೈಲುತುತ್ತ ಅಂದರೆ ತಾಮ್ರದ ನೀಲಿ ಉಪ್ಪು, ಜೊತೆಗೆ ಸುಣ್ಣ, ನೀರು. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಇದನ್ನು ಎರಚುತ್ತಿದ್ದರು. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಡೌನಿ ಅನ್ನುವ ಬೂಷ್ಟು ರೋಗ ಆ ಬಳ್ಳಿಗಳನ್ನು ಮುಟ್ಟಲಿಲ್ಲ. ಮಿಲಾರ್ಡೆ ಎಂಬ ವಿಜ್ಞಾನಿ ಇದನ್ನು ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು.

ಆದರೆ ಲೆಕ್ಕ ಬಿಗಿ. ಯುರೋಪಿನ ನಿಯಮದಂತೆ ಹೆಕ್ಟೇರಿಗೆ 7 ವರ್ಷದಲ್ಲಿ ಒಟ್ಟು 28 ಕಿಲೋ ತಾಮ್ರ, ಅಷ್ಟೇ. ತಾಮ್ರ ಮಣ್ಣಿನಿಂದ ಹೋಗುವುದಿಲ್ಲ. ಜಾಸ್ತಿಯಾದರೆ ಎರೆಹುಳಕ್ಕೇ ಕಷ್ಟ. ಈ ಮಾತು ನಮ್ಮ ತೋಟಗಳಲ್ಲೂ ಬರಬೇಕು ಅಂತ ನನಗೆ ತುಂಬಾ ಆಸೆ.

ನಾನು ಹೋಗುವುದು ಮೋಂ ಬ್ಲಾಂ ಪರ್ವತದ ಬುಡದ ಮೊರ್ಜೆಗೆ. ಆವೊಸ್ತಾ ಕಣಿವೆಯ ಮೇಲ್ತುದಿ. ಅಲ್ಲಿ ತೋಟಗಳು 900ರಿಂದ 1200 ಮೀಟರ್ ಎತ್ತರದಲ್ಲಿವೆ. ಬೆಳೆಯುವುದು ಪ್ರಿಯೆ ಬ್ಲಾಂ ಎಂಬ ಬಿಳಿ ದ್ರಾಕ್ಷಿ. ಚಳಿ ಕಳೆದ ಮೇಲೆ ತಡವಾಗಿ ಚಿಗುರಿ, ಬೇಗ ಹಣ್ಣಾಗುತ್ತದೆ. ಚಪ್ಪರ ಸೊಂಟದೆತ್ತರವೂ ಇರುವುದಿಲ್ಲ. ಹಗಲು ಕಾದ ನೆಲದ ಬಿಸಿ ರಾತ್ರಿ ಗೊಂಚಲಿಗೆ ತಾಗಲಿ ಅಂತ ಹಾಗೆ. ಕೊಯ್ಯುವಾಗ ಮಂಡಿಯೂರಿ ಒಳಗೆ ನುಸುಳಬೇಕು. ಮುಖದ ಹತ್ತಿರವೇ ಎಲೆ, ಅದರ ಮೇಲೆ ಒಣಗಿದ ನೀಲಿ ಚುಕ್ಕೆಗಳು. ಮೊದಲ ಸಲ ನೋಡಿದಾಗ ಅಪ್ಪನ ಅಂಗಿಯ ತೋಳು ನೆನಪಾಯಿತು.

ಮಲೆನಾಡಿನಂತೆ ತಿಂಗಳುಗಟ್ಟಲೆ ಮಳೆ ಅಲ್ಲಿಲ್ಲ. ಗಾಳಿ ಎಲೆಯನ್ನು ಬೇಗ ಒಣಗಿಸುತ್ತದೆ. ಅದಕ್ಕೇ ಕಡಿಮೆ ಔಷಧಿಯಲ್ಲಿ ಸುಧಾರಿಸಬಹುದು. ಯುರೋಪಿನ ದ್ರಾಕ್ಷಿಯನ್ನೆಲ್ಲ ಹಾಳುಮಾಡಿದ ಬೇರಿನ ಹೇನು, ಫಿಲೋಕ್ಸೆರಾ, ಇಲ್ಲಿ ನೆಲೆಯೂರಲೇ ಇಲ್ಲ. ಬೇರೆ ಕಡೆ ಈ ಹೇನನ್ನು ತಾಳಿಕೊಳ್ಳುವ ಅಮೆರಿಕದ ದ್ರಾಕ್ಷಿಯ ಬೇರಿಗೆ ಕಸಿ ಕಟ್ಟುತ್ತಾರೆ. ಇಲ್ಲಿನ ಬಳ್ಳಿಗಳು ಸ್ವಂತ ಬೇರಿನ ಮೇಲೇ ನಿಂತಿವೆ.

"ವೈನ್ ಒಳಗೆ ಏನೂ ಹಾಕಲ್ವಾ?" ಇದು ಮುಂದಿನ ಪ್ರಶ್ನೆ. ವೈನ್ ಕೆಡದಂತೆ ಕಾಯುವ ಗಂಧಕದ ಸಂಯುಕ್ತ, ಸಲ್ಫೈಟ್, ಹಾಕಬಹುದು. ಸಿಹಿ ಉಳಿಯದ ಬಿಳಿ ವೈನ್‌ಗೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇದ್ದರೆ, ಸಾವಯವಕ್ಕೆ 150. ಲೇಬಲ್ ಮೇಲೆ ಸಲ್ಫೈಟ್ ಅಂತ ಕಂಡರೆ ಮೋಸ ಅಂದುಕೊಳ್ಳಬೇಡಿ. ರಸ ಹುಳಿಯುವಾಗ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಬಿಡುತ್ತದೆ.